ಎದ್ದ ಕಡಲಲ್ಲಿ ಹೋಬಿ 16: ಮೂತಿ ಮುಳುಗದಂತೆ ಓಡಿಸುವುದು

ನೆದರ್‌ಲ್ಯಾಂಡ್ಸ್‌ನ ಟೆಕ್ಸೆಲ್ ದ್ವೀಪದ ಸುತ್ತ ನಡೆಯುವಂಥ ಕರಾವಳಿ ರೇಸ್‌ನಲ್ಲಿ ಹೋಬಿ 16ಕ್ಕೆ (ಎರಡು ಒಡಲಿನ, ಇಬ್ಬರು ನಡೆಸುವ ಹಾಯಿದೋಣಿ) ದೊಡ್ಡ ಅಪಾಯ ಪಕ್ಕಕ್ಕೆ ಮಗುಚುವುದಲ್ಲ, ಮುಂದಕ್ಕೆ ಪಲ್ಟಿಯಾಗುವುದು. ಗಾಳಿ ಅಡ್ಡಲಾಗಿ ಹೊಡೆದಾಗ ಕೆಳಬದಿಯ (ಗಾಳಿ ಬೀಸಿಹೋಗುವ ಕಡೆಯ) ಒಡಲಿನ ಸಣಕಲು ಮೂತಿ ಅಲೆಯೊಳಗೆ ನುಗ್ಗುತ್ತದೆ. ವೇಗ ತಟ್ಟನೆ ನಿಲ್ಲುತ್ತದೆ, ಹಾಯಿ ಮಾತ್ರ ತಳ್ಳುತ್ತಲೇ ಇರುತ್ತದೆ.

ಹೊರಡುವ ಮುನ್ನ ಎರಡೂ ಒಡಲುಗಳ ಹಿಂತುದಿಯಲ್ಲಿ ನೀರು ಬಸಿಯುವ ತೂತಿನ ಬಿರಡೆಗಳನ್ನು ಬಿಗಿಯಾಗಿವೆಯೇ ಎಂದು ಕೈಯಿಂದಲೇ ತಿರುಗಿಸಿ ನೋಡಿ. ಡೌನ್‌ಹಾಲ್ (ಹಾಯಿಯ ಮುಂಅಂಚನ್ನು ಕೆಳಕ್ಕೆಳೆಯುವ ಹಗ್ಗ) ಬಲವಾಗಿ ಎಳೆದು ಹಾಯಿಯ ಹೊಟ್ಟೆ ಚಪ್ಪಟೆ ಮಾಡಿ.

ಅಡ್ಡಗಾಳಿಯಲ್ಲಿ ಇಬ್ಬರೂ ಆದಷ್ಟು ಹಿಂದಕ್ಕೆ ಸರಿಯಿರಿ. ಟ್ರಪೀಜ್‌ನಲ್ಲಿ (ಕೂವೆಯಿಂದ ಇಳಿಬಿಟ್ಟ ತಂತಿಗೆ ಕೊಕ್ಕೆ ಹಾಕಿ ದೋಣಿಯ ಹೊರಗೆ) ನೇತಾಡುವವರ ಕೊಕ್ಕೆಗೆ ಹಿಂಬದಿಯ ಮೂಲೆಯಿಂದ ಒಂದು ಹಗ್ಗ ಸಿಕ್ಕಿಸಿ. ಇಲ್ಲದಿದ್ದರೆ ದೋಣಿ ತಡೆದ ಕ್ಷಣ ಅವರು ಮುಂದಕ್ಕೆ ಹಾರಿಹೋಗುತ್ತಾರೆ. ಟ್ರಾವೆಲರ್ (ದೊಡ್ಡ ಹಾಯಿಯ ಹಗ್ಗ ಅಡ್ಡಕ್ಕೆ ಸರಿಯುವ ಜಾರುಗಾಡಿ) ಹೊರಕ್ಕೆ ಬಿಡಿ, ಜಿಬ್ (ಮುಂದಿನ ಸಣ್ಣ ಹಾಯಿ) ಸಡಿಲಿಸಿ. ಬಿಗಿದ ಜಿಬ್ ಮೂತಿಯನ್ನು ಕೆಳಕ್ಕೊತ್ತುತ್ತದೆ. ಬಹಳ ಮಂದಿ ಮರೆಯುವುದು ಇದನ್ನೇ. ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಎಳೆದು ಬಿಡುವ ಹಗ್ಗ) ಕೈಯಲ್ಲೇ ಇರಲಿ.

ಮಗುಚಿದರೆ ಮೊದಲು ಎರಡೂ ಹಾಯಿಗಳ ಶೀಟ್ (ಎಳೆಯುವ ಹಗ್ಗ) ಬಿಚ್ಚಿ. ದೋಣಿ ಬಿಟ್ಟು ಈಜಬೇಡಿ, ಗಾಳಿಗೆ ಅದು ನಿಮಗಿಂತ ವೇಗವಾಗಿ ತೇಲಿಹೋಗುತ್ತದೆ. ಮೂತಿಯ ಕಡೆ ಭಾರ ಹಾಕಿ ಅದನ್ನು ಗಾಳಿಗೆದುರು ತಿರುಗಿಸಿ, ಕೆಳಗಿನ ಒಡಲ ಮೇಲೆ ನಿಂತು ಎತ್ತುವ ಹಗ್ಗ ಹಿಡಿದು ಹಿಂದಕ್ಕೆ ವಾಲಿ. ಹಾಯಿಯಡಿ ಗಾಳಿ ಹೊಕ್ಕ ಮೇಲೆ ದೋಣಿ ಬೇಗ ಏಳುತ್ತದೆ. ಮತ್ತೊಂದು ಬದಿಗೆ ಬೀಳದಂತೆ ಮುಂದಿನ ಅಡ್ಡಪಟ್ಟಿ ಹಿಡಿದು ಜೋತುಬೀಳಿ.