ಪಾಸ್‌ವರ್ಡ್ ಇಲ್ಲದ ವಿಪಿಎನ್: ಊರೂರು ಸುತ್ತುವ ಸಿಬ್ಬಂದಿಯನ್ನು ಕಚೇರಿಯ ಜಾಲಕ್ಕೆ ಸೇರಿಸಿದ ಬಗೆ

ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯಿರುವ, ಪಂಪ್‌ಸೆಟ್ ಮಾರುವ ಮಧ್ಯಮ ಗಾತ್ರದ ಕಂಪನಿಯೊಂದರ ಜಾಲವನ್ನು ನಾನು ನೋಡಿಕೊಳ್ಳುತ್ತೇನೆ. ಬೀದರಿನಿಂದ ಚಾಮರಾಜನಗರದವರೆಗೆ ಓಡಾಡುವ ನೂರರ ಆಸುಪಾಸಿನ ಮಾರಾಟ ಹಾಗೂ ದುರಸ್ತಿ ಸಿಬ್ಬಂದಿ, ಕಚೇರಿಯ ಸರ್ವರಿನಲ್ಲಿರುವ ದಾಸ್ತಾನು ಮತ್ತು ಬಿಲ್ಲಿನ ತಂತ್ರಾಂಶವನ್ನು ಫೋನಿನಿಂದಲೇ ಬಳಸಬೇಕಿತ್ತು. ಅದಕ್ಕೆ ವಿಪಿಎನ್, ಅಂದರೆ ಅಂತರ್ಜಾಲದ ಮೂಲಕ ಕಚೇರಿಗೆ ಹೋಗುವ ಗೂಢಲಿಪಿಯ ಸುರಂಗ ಬೇಕು. ಪಾಸ್‌ವರ್ಡಿನ ಬದಲು ಸಾಧನದಲ್ಲಿಟ್ಟ ಗುಪ್ತ ಕೀಲಿಯಿಂದಲೇ ಗುರುತು ಹಿಡಿಯುವ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕೋಣ ಎಂದಾಗ, ಬಳಕೆದಾರನ ಹೆಸರಿಲ್ಲ, ಪಾಸ್‌ವರ್ಡಿಲ್ಲ, ಇದೆಂಥ ಭದ್ರತೆ ಎಂದು ಲೆಕ್ಕಪರಿಶೋಧಕರಿಂದ ಹಿಡಿದು ನಮ್ಮದೇ ವಿಭಾಗದ ಹಿರಿಯರವರೆಗೆ ಎಲ್ಲರೂ ಮೂಗು ಮುರಿದಿದ್ದರು. ಈಗ ಎರಡು ಮಳೆಗಾಲ ದಾಟಿಯೂ ಅದು ನಿಂತಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲಿದ್ದದ್ದು ಎಲ್‌ಟುಟಿಪಿ ಎಂಬ ಹಳೆಯ ವಿಪಿಎನ್ ವಿಧಾನ. ಒಂದೇ ಲಾಡ್ಜಿನ ವೈಫೈಯಲ್ಲಿ ನಮ್ಮವರಿಬ್ಬರು ಕುಳಿತರೆ, ಎರಡನೆಯವನು ಸೇರಿದ ಕೂಡಲೇ ಮೊದಲನೆಯವನು ಕಡಿದುಹೋಗುತ್ತಿದ್ದ. ಆಂಡ್ರಾಯ್ಡ್ 12 ಬಂದ ಮೇಲಂತೂ ಹೊಸ ಫೋನುಗಳಲ್ಲಿ ಅದನ್ನು ಸೇರಿಸುವ ಆಯ್ಕೆಯೇ ಇಲ್ಲವಾಯಿತು. ಆಮೇಲೆ ಓಪನ್‌ವಿಪಿಎನ್ ಎಂಬ ಇನ್ನೊಂದನ್ನು, ವೆಬ್‌ಸೈಟುಗಳು ಬಳಸುವ ಟಿಸಿಪಿ 443ನೇ ಪೋರ್ಟಿನಲ್ಲಿ ಓಡಿಸಿದೆವು. ಟಿಸಿಪಿ ಎಂದರೆ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕನ್ನು) ತಾನೇ ಮತ್ತೆ ಕಳಿಸುವ ಸಾಗಣೆಯ ಪದ್ಧತಿ. ಬಯಲುಸೀಮೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು, ಆದರೆ ಶೃಂಗೇರಿ, ತೀರ್ಥಹಳ್ಳಿಯ ಕಡೆ ಸಿಗ್ನಲ್ ಕುಂಟಿದಾಗ ಹೊರಗಿನ ಟಿಸಿಪಿಯೂ ಒಳಗಿನ ಟಿಸಿಪಿಯೂ ಕಳೆದುಹೋದ ಪ್ಯಾಕೆಟ್ಟುಗಳನ್ನು ತಾವು ತಾವೇ ಮತ್ತೆ ಮತ್ತೆ ಕಳಿಸುತ್ತ ಕುಳಿತು, ಒಂದು ಬಿಲ್ಲು ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಸಿದ್ಧ ವಿಪಿಎನ್ ಪೆಟ್ಟಿಗೆಯೊಂದಕ್ಕೆ ದರಪಟ್ಟಿ ತರಿಸಿದಾಗ ಲೈಸೆನ್ಸುಗಳೂ ಸೇರಿ ನಾಲ್ಕು ಲಕ್ಷದ ಹತ್ತಿರ ಬಂತು, ವರ್ಷ ವರ್ಷದ ನವೀಕರಣ ಬೇರೆ.

ವೈರ್‌ಗಾರ್ಡ್ 2020ರಲ್ಲಿ ಉಚಿತವಾಗಿ ಸಿಗುವ ಲಿನಕ್ಸಿನ ತಿರುಳಾದ ಕರ್ನಲ್ 5.6ರೊಳಗೇ ಸೇರಿಕೊಂಡಿದ್ದರಿಂದ ಅದಕ್ಕೆ ಕಾಸು ಕೊಡಬೇಕಾಗಿರಲಿಲ್ಲ. ಆದರೂ ಮೊದಲ ತಿಂಗಳು ಅದು ಸತಾಯಿಸಿತು. ನಮ್ಮ ಕಚೇರಿಯ ಅಂತರ್ಜಾಲ (ಐಪಿ) ವಿಳಾಸ ಆಗಾಗ ಬದಲಾಗುತ್ತದೆ, ಫೋನು ಮಾತ್ರ ಸುರಂಗ ತೆರೆಯುವಾಗ ಒಮ್ಮೆ ಹುಡುಕಿಕೊಂಡ ವಿಳಾಸಕ್ಕೇ ಅಂಟಿಕೊಂಡಿರುತ್ತದೆ; ಬದಲಿ ಇಂಟರ್ನೆಟ್ ಲೈನಿನಲ್ಲಂತೂ ಸಿಜಿನ್ಯಾಟ್ (ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಇರುವುದರಿಂದ ಹೊರಗಿನವರು ಒಳಬರುವ ದಾರಿಯೇ ಇಲ್ಲ. ಸ್ಥಿರ ವಿಳಾಸಕ್ಕೆ ಹಣ ಕಟ್ಟುವ ಬದಲು, ತಿಂಗಳಿಗೆ ಆರು ನೂರು ರೂಪಾಯಿಯ ಆಸುಪಾಸಿನ ಒಂದು ವಿಪಿಎಸ್ (ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುವ, ವಿಳಾಸ ಬದಲಾಗದ ಸರ್ವರು) ಹಿಡಿದು ಅದನ್ನೇ ನಡುಮನೆ ಮಾಡಿದೆ. ಕಚೇರಿಯೂ ಈಗ ಒಳಗಿನಿಂದ ಹೊರಕ್ಕೆ ಕರೆಮಾಡುವ ಒಂದು ಸಾಧಾರಣ ಪಿಯರ್, ಅಂದರೆ ಫೋನುಗಳಂತೆಯೇ ಸುರಂಗದ ಒಂದು ತುದಿ, ಅಷ್ಟೇ. ವಿಪಿಎಸ್ಸಿನಲ್ಲಿ ಸುರಂಗ ಬಿಚ್ಚಿಕೊಂಡು ಒಳಗಿನದು ಬಯಲಾಗುತ್ತದಲ್ಲ ಎಂದು ಹಿರಿಯರು ತೆಗೆದ ತಕರಾರು ನ್ಯಾಯವಾದದ್ದೇ ಆಗಿತ್ತು. ಅದಕ್ಕಾಗಿ ಒಳಗಿನ ತಂತ್ರಾಂಶವನ್ನೂ, ತಾನೇ ಗೂಢಲಿಪಿ ಹಾಕಿಕೊಳ್ಳುವ ಎಚ್‌ಟಿಟಿಪಿಎಸ್‌ಗೆ ಹೊರಳಿಸಿದೆ.

ಬಹಳ ದಿನ ತಿಂದದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟು ಎಷ್ಟು ಬೈಟು ದೊಡ್ಡದಿರಬಹುದೆಂಬ ಮಿತಿ. ಲಾಗಿನ್ ಪುಟ ಬರುತ್ತದೆ, ದಾಸ್ತಾನಿನ ಉದ್ದದ ಪಟ್ಟಿ ಕೇಳಿದರೆ ಪರದೆ ಕಲ್ಲಾಗುತ್ತದೆ. ಅದೂ ಕೆಲವು ಸಿಮ್‌ಗಳಲ್ಲಿ ಮಾತ್ರ. ಲಿನಕ್ಸಿನಲ್ಲಿ ವೈರ್‌ಗಾರ್ಡ್ ತಾನಾಗಿ ಹಿಡಿಯುವ, ಫೋನುಗಳಿಗೂ ನಾನು ಕೊಟ್ಟಿದ್ದ 1420ಕ್ಕೆ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರ ಮೇಲೆ ಇನ್ನೂ 60 ಬೈಟು ಕೂಡುತ್ತದೆ, ಹೊಸ ಪದ್ಧತಿಯಾದ ಐಪಿವಿ6 ಮಾತ್ರ ಇರುವ ಮೊಬೈಲ್ ಜಾಲದಲ್ಲಿ ವಿಳಾಸ ಪರಿವರ್ತನೆಯಾಗುವಾಗ ಮತ್ತೆ 20 ಸೇರಿ 1500ರ ಅಂಚಿಗೆ ಬಂದು ನಿಲ್ಲುತ್ತದೆ, ಮೊಬೈಲ್ ಜಾಲದ ಒಳದಾರಿಯಲ್ಲಿ ಅಷ್ಟು ಜಾಗ ಸಿಗುವುದು ಖಾತ್ರಿಯಿಲ್ಲ. ಎಲ್ಲ ಫೋನುಗಳಲ್ಲೂ 1280 ಎಂದು ಕಟ್ಟಿಹಾಕಿದ ದಿನದಿಂದ ಆ ದೂರು ಬಂದಿಲ್ಲ. ವೇಗದಲ್ಲಿ ತುಸು ನಷ್ಟವಿರಬಹುದು, ಆದರೆ ಬಿಲ್ಲು ಬರೆಯುವವನಿಗೆ ಅದು ತಿಳಿಯುವುದೂ ಇಲ್ಲ.

ಕಚೇರಿಯ ಜಾಲದ ವಿಳಾಸಗಳು 192.168.1ರ ಸಾಲಿನಲ್ಲಿದ್ದುದೂ ಕಾಟವಾಯಿತು, ಏಕೆಂದರೆ ಲಾಡ್ಜುಗಳ ರೂಟರುಗಳಲ್ಲೂ ಹೆಚ್ಚಿನವು ಅಲ್ಲೇ ಇರುತ್ತವೆ, ಫೋನಿಗೆ ಯಾವುದು ಕಚೇರಿ, ಯಾವುದು ಲಾಡ್ಜು ಎಂದು ತಿಳಿಯುವುದಿಲ್ಲ. ಒಂದು ಭಾನುವಾರ ಇಡೀ ಕಚೇರಿಯನ್ನು, ಪ್ರಿಂಟರುಗಳೂ ಸೇರಿದಂತೆ, ಲಾಡ್ಜುಗಳಲ್ಲಿ ಅಪರೂಪವಾದ, 10ರಿಂದ ಶುರುವಾಗುವ ವಿಳಾಸಗಳ ಸಾಲೊಂದಕ್ಕೆ ಸಾಗಿಸಿದೆ. ಸುರಂಗದೊಳಗೆ ಹೋಗುವುದು ಆ ಸಾಲು ಮಾತ್ರ; ಸಿಬ್ಬಂದಿಯ ಯೂಟ್ಯೂಬಿನ ಭಾರವನ್ನು ನನ್ನ ಆರು ನೂರು ರೂಪಾಯಿಯ ಯಂತ್ರ ಹೊರಬೇಕಿಲ್ಲ. ದಾರಿ ಮುಚ್ಚಿಹೋಗದಂತೆ ಇಪ್ಪತ್ತೈದು ಸೆಕೆಂಡಿಗೊಮ್ಮೆ ಪುಟ್ಟ ಪ್ಯಾಕೆಟ್ಟು ಕಳಿಸುವ ಕೀಪ್‌ಅಲೈವ್ ಅನ್ನು ಕಚೇರಿಯ ತುದಿಗೆ ಮಾತ್ರ ಕೊಟ್ಟು ಫೋನುಗಳಿಂದ ತೆಗೆದುಹಾಕಿದ್ದೇನೆ, ಏಕೆಂದರೆ ಮಾತು ಶುರುಮಾಡುವುದು ಯಾವಾಗಲೂ ಫೋನೇ. ಸಂಜೆಯ ಹೊತ್ತಿಗೆ ಬ್ಯಾಟರಿ ಖಾಲಿಯೆಂಬ ಗೊಣಗಾಟ ಅಲ್ಲಿಗೆ ಬಹುಮಟ್ಟಿಗೆ ನಿಂತಿತು. ವೈರ್‌ಗಾರ್ಡ್ ಓಡುವುದು ಟಿಸಿಪಿಯಲ್ಲಲ್ಲ, ಯುಡಿಪಿ ಎಂಬ ಬೇರೆ ಸಾಗಣೆ ಪದ್ಧತಿಯಲ್ಲಿ. ಅಪರಿಚಿತ ಯುಡಿಪಿ ಪೋರ್ಟುಗಳನ್ನು ತಡೆಯುವ ಹೋಟೆಲುಗಳಿಗಾಗಿ ಅದರ ರೂಢಿಯ ಪೋರ್ಟಾದ 51820ನ್ನು ಬಿಟ್ಟು ಬೇರೆ ಪೋರ್ಟಿಗೆ ಹೋಗಿದ್ದೇನೆ, ಯಾವುದೆಂದು ಹೇಳಲಾರೆ.

ಕೀಲಿಗಳ ವಿಷಯದಲ್ಲಿ ಒಂದೇ ಹಟ: ಒಂದು ಸಾಧನಕ್ಕೆ ಒಂದೇ ಕೀಲಿ, ಕೀಲಿಯಿರುವ ಕ್ಯೂಆರ್ ಚಿತ್ರ ವಾಟ್ಸಾಪಿನಲ್ಲಿ ಹೋಗಕೂಡದು. ಜಿಲ್ಲಾ ಸಭೆಗೆ ಬಂದವರ ಫೋನನ್ನು ನನ್ನ ಪರದೆಯ ಎದುರೇ ಹಿಡಿಸುತ್ತೇನೆ. ಫೋನು ಕಳೆದರೆ ವಿಪಿಎಸ್ಸಿನಿಂದ ಅದರ ಕೀಲಿಯನ್ನು ಅಳಿಸಿದರೆ ಮುಗಿಯಿತು, ಉಳಿದವರಿಗೆ ಸುದ್ದಿಯೂ ತಲುಪುವುದಿಲ್ಲ. ಒಂದೇ ಕೀಲಿಯನ್ನು ಇಬ್ಬರು ಹಂಚಿಕೊಂಡರೆ ಹಿಡಿಯುವ ಉಪಾಯವೊಂದು ನನ್ನ ಬಳಿ ಇದೆ, ಅದರಲ್ಲಿ ಸಿಕ್ಕಿಬಿದ್ದವರೂ ಇದ್ದಾರೆ. ಅದನ್ನು ಬರೆದರೆ ನಮ್ಮವರೇ ಮೊದಲು ಓದುತ್ತಾರೆ. ಪಾಸ್‌ವರ್ಡ್ ಮತ್ತು ಒಟಿಪಿ ಬಿಲ್ಲಿನ ತಂತ್ರಾಂಶದಲ್ಲಿವೆ, ಅವು ಇರಬೇಕಾದದ್ದೂ ಅಲ್ಲಿಯೇ.

ನಡುವೆ ವಿಪಿಎಸ್ಸಿಗೆ ಐಪಿವಿ6 ಕೊಟ್ಟು ಫೋನುಗಳನ್ನು ನೇರ ಅದಕ್ಕೇ ಕರೆಮಾಡಿಸಿ ನೋಡಿದೆ. ಜಿಯೋ ಸಿಮ್‌ಗಳಲ್ಲಿ ಸೊಗಸಾಗಿ ನಡೆಯಿತು, ಆದರೆ ಹಳೆಯ ಲಾಡ್ಜು ವೈಫೈಗಳಲ್ಲಿ ಐಪಿವಿ6 ಎಂಬುದೇ ಇಲ್ಲದ ಕಾರಣ ಎರಡೆರಡು ಪ್ರೊಫೈಲ್ ಇಡಬೇಕಾಗಿ ಬಂದು, ಸಿಬ್ಬಂದಿ ಗಲಿಬಿಲಿಗೊಂಡದ್ದರಿಂದ ಕೈಬಿಟ್ಟೆ.

ಲೆಕ್ಕಪರಿಶೋಧಕರು ಕೊನೆಗೆ ಹಿಡಿದದ್ದು ಲಾಗುಗಳನ್ನು, ಅಂದರೆ ಯಾರು ಯಾವಾಗ ಸೇರಿದರೆಂಬ ದಾಖಲೆಗಳನ್ನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ವೈರ್‌ಗಾರ್ಡ್ ಮಾತ್ರ ತಾನಾಗಿ ಏನನ್ನೂ ಬರೆದಿಡುವುದಿಲ್ಲ. ನಿಮಿಷಕ್ಕೊಮ್ಮೆ ಪ್ರತಿ ಪಿಯರಿನ ಕೊನೆಯ ಹ್ಯಾಂಡ್‌ಶೇಕ್ (ಕೀಲಿ ಒಪ್ಪಿಸಿ ಕೈಕುಲುಕಿದ ಸಮಯ) ಮತ್ತು ವಿಳಾಸವನ್ನು ಓದಿ ಕಡತಕ್ಕೆ ಸೇರಿಸುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದು ಕೊಟ್ಟೆ, ಅವರು ಅದನ್ನೊಪ್ಪಿ ಸಹಿ ಹಾಕಿದರು.