ನಿಮ್ಮೂರಿನ ಆಕಾಶ ಬರೆಯುವುದು ಹೇಗೆ

ಚುಕ್ಕಿ ಇಡುವುದರಿಂದ ಶುರು ಮಾಡಬೇಡಿ. ಹನುಮಂತನಗರದ ನಮ್ಮ ಮನೆ ತಾರಸಿಗೆ ಚಿತ್ರ ಕಲಿಯಲು ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ಅಂದರೆ ಎಲ್ಲರಿಗೂ ನೆನಪಾಗುವುದು ಚುಕ್ಕಿ. 1971ರಲ್ಲಿ ಅಲ್ಲಿನ ಮರುಭೂಮಿಯ ಪಪುನ್ಯಾ ಎಂಬ ಊರಿನಲ್ಲಿ ಹಿರಿಯರು ತಮ್ಮ ನೆಲದ ಕಥೆಗಳನ್ನು ಹಲಗೆಗಳ ಮೇಲೆ ಬಣ್ಣದಲ್ಲಿ ಬರೆಯತೊಡಗಿದರು. ಹೊರಗಿನವರು ನೋಡಬಾರದ ಗುರುತುಗಳನ್ನು ಮರೆಮಾಡಲೂ ಚುಕ್ಕಿಗಳು ಬಳಕೆಗೆ ಬಂದವು. ಯಾವ ಕಥೆಯನ್ನು ಯಾರು ಬರೆಯಬಹುದು ಎಂಬ ಕಟ್ಟುನಿಟ್ಟು ಅವರಲ್ಲಿ ಇವತ್ತಿಗೂ ಇದೆ. ಹಾಗಾಗಿ ನಕಲು ಬೇಡ. ಆಕಾಶವನ್ನು ಅವರು ನೋಡುವ ಬಗೆ ಇದೆಯಲ್ಲ, ಅದನ್ನು ಕಲಿಯೋಣ.

ಅವರಿಗೆ ನೆಲ, ನೀರು, ಆಕಾಶ ಬೇರೆಬೇರೆ ಅಲ್ಲ. ನಾವು ಕೃತ್ತಿಕೆ ಎನ್ನುವ ನಕ್ಷತ್ರಗಳು ಅಲ್ಲಿನ ಮರುಭೂಮಿಯ ಜನರಿಗೆ ಏಳು ಜನ ಅಕ್ಕತಂಗಿಯರು. ಬೆನ್ನು ಹತ್ತಿದ ಗಂಡಸೊಬ್ಬನಿಂದ ತಪ್ಪಿಸಿಕೊಂಡು ನೆಲದುದ್ದಕ್ಕೂ ಓಡಿದವರು. ಅವರು ನಿಂತ ಕಡೆ, ಕೂತ ಕಡೆ ಬಂಡೆಗಳಾದವು, ನೀರಿನ ಗುಂಡಿಗಳಾದವು. ಕೊನೆಗೆ ಆಕಾಶಕ್ಕೆ ಏರಿದರು. ಆ ಕಥೆ ಗೊತ್ತಿದ್ದವನಿಗೆ ನೀರು ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಿರುತ್ತದೆ.

ನೀವೂ ಮೊದಲು ನೆಲ ಆರಿಸಿ. ಸುಮ್ನೆ "ರಾತ್ರಿ ಆಕಾಶ" ಅಂತ ಬರೆಯಬೇಡಿ. ಯಾವ ಊರಿನ ಮೇಲಿನ ಆಕಾಶ? ನಿಮ್ಮ ಮನೆಯಲ್ಲಿ ಅದರ ಬಗ್ಗೆ ಯಾರು ಏನು ಹೇಳುತ್ತಿದ್ದರು? ಗದಗ ಕಡೆಯ ನಮ್ಮಜ್ಜನ ಬಾಯಲ್ಲಿ ಸದಾ ಇದ್ದ ಮಾತು, "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ." ಮೇ ಕೊನೆಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುತ್ತಾನೆ. ಆಗ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣುವುದೇ ಇಲ್ಲ. ಕಾಣದ ನಕ್ಷತ್ರದ ಹೆಸರು ಹೇಳಿ ರೈತ ಹೊಲ ಹದ ಮಾಡುತ್ತಾನೆ! ನಮ್ಮಲ್ಲೂ ಆಕಾಶ ಹೊಲಕ್ಕೆ ಅಂಟಿಕೊಂಡೇ ಇದೆ, ಅಲ್ವಾ? ನಿಮ್ಮ ಅಜ್ಜಿಗೋ ದೊಡ್ಡಪ್ಪನಿಗೋ ಫೋನ್ ಮಾಡಿ ಕೇಳಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು ನಿಮ್ಮ ಬಡಾವಣೆ ಆಗುವ ಮೊದಲು ಅಲ್ಲಿ ಕೆರೆ ಇತ್ತೋ ರಾಗಿ ಹೊಲ ಇತ್ತೋ ಎಂದು ಹಳಬರನ್ನು ವಿಚಾರಿಸಿ.

ಬಣ್ಣಕ್ಕೆ ದುಡ್ಡು ಸುರಿಯಬೇಕಿಲ್ಲ. ಮೂಲನಿವಾಸಿಗಳ ಹಳೆಯ ಬಣ್ಣಗಳು ಕೆಂಪು ಮಣ್ಣು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲು. ನಮಗೆ ರಂಗೋಲಿ ಅಂಚಿಗೆ ಹಚ್ಚುವ ಕೆಮ್ಮಣ್ಣು ಮಾರ್ಕೆಟ್‌ನಲ್ಲಿ ಸಿಗುತ್ತದೆ. ಇದ್ದಿಲು ಇಸ್ತ್ರಿ ಗಾಡಿಯವರನ್ನು ಕೇಳಿದರೆ ಒಂದು ಹಿಡಿ ಕೊಡುತ್ತಾರೆ. ಬಿಳಿಗೆ ಸೀಮೆಸುಣ್ಣ. ಎಲ್ಲವನ್ನೂ ಕುಟ್ಟಿ, ಹಳೇ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಹಾಕಿ ಕಲಸಿ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಮರದ ತೊಗಟೆ ಮೇಲೆ ಬರೆಯುವವರೂ ಈಗ ಮಣ್ಣಿನ ಬಣ್ಣಕ್ಕೆ ಇಂಥದೇ ಅಂಟು ಬೆರೆಸುತ್ತಾರೆ.

ದಪ್ಪ ರಟ್ಟಿಗೆ ಮೊದಲು ಇಡಿಯಾಗಿ ಕೆಮ್ಮಣ್ಣು ಬಳಿಯಿರಿ. ಪೂರ್ತಿ ಒಣಗಲಿ. ಕೆಳಗೆ ನೆಲ, ಮೇಲೆ ಆಕಾಶ ಎಂದು ಅಡ್ಡಗೆರೆ ಎಳೆಯಬೇಡಿ. ಕೆಂಪಿನ ಮೇಲೆಯೇ ಇದ್ದಿಲಿನ ಕಪ್ಪನ್ನು ತೆಳುವಾಗಿ ಹಚ್ಚಿ, ಅಲ್ಲಲ್ಲಿ ಮಣ್ಣು ಇಣುಕುವ ಹಾಗೆ.

ಈ ಕಪ್ಪಿಗೆ ಜಾಸ್ತಿ ಹೊತ್ತು ಕೊಡಿ. ನಾವು ನಕ್ಷತ್ರ ಸೇರಿಸಿ ಆಕಾರ ಕಟ್ಟುತ್ತೇವೆ. ಮೂಲನಿವಾಸಿಗಳು ನಕ್ಷತ್ರಗಳ ನಡುವಿನ ಕತ್ತಲಲ್ಲೂ ಆಕಾರ ಕಾಣುತ್ತಾರೆ. ತ್ರಿಶಂಕು ಎಂಬ ನಕ್ಷತ್ರಪುಂಜದ (ಸದರ್ನ್ ಕ್ರಾಸ್) ಪಕ್ಕದ ಕಪ್ಪು ಮಚ್ಚೆ ಈಮು ಹಕ್ಕಿಯ ತಲೆ. ಕುತ್ತಿಗೆ, ಮೈ, ಕಾಲು ಆಕಾಶಗಂಗೆಯ ಕಪ್ಪು ಪಟ್ಟಿಗಳಲ್ಲಿ ಚಾಚಿಕೊಂಡಿವೆ. ಸಂಜೆ ಈಮು ಯಾವ ಭಂಗಿಯಲ್ಲಿದೆ ಎಂದು ನೋಡಿ ಅಲ್ಲಿನ ಕಮಿಲರೋಯ್ ಎಂಬ ಸಮುದಾಯದ ಜನ ನೆಲದ ಮೇಲಿನ ಈಮು ಮೊಟ್ಟೆಯಿಡುವ ಕಾಲ ತಿಳಿಯುತ್ತಾರೆ. ಬೆಂಗಳೂರಿನಲ್ಲೂ ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ತ್ರಿಶಂಕು ದಕ್ಷಿಣದಲ್ಲಿ ತಗ್ಗಾಗಿ ಕಾಣುತ್ತದೆ, ಎದುರಿಗೆ ಅಪಾರ್ಟ್‌ಮೆಂಟ್ ಇಲ್ಲದಿದ್ದರೆ. ಕಪ್ಪು ಮಚ್ಚೆ ಮಾತ್ರ ನಗರದ ಬೆಳಕಿನಲ್ಲಿ ಕಾಣದು. ಪಾವಗಡ, ಕೋಲಾರದ ಕಡೆ ಊರಿದ್ದವರು ಅಮಾವಾಸ್ಯೆಗೆ ಹೋದಾಗ ತಲೆಯೆತ್ತಿ ನೋಡಿ. ಈಮು ಬರೆಯಬೇಡಿ, ಅದು ಅವರದು. ಆದರೆ ನಿಮ್ಮ ಚಿತ್ರದಲ್ಲೂ ಕಪ್ಪು ಖಾಲಿ ಜಾಗ ಆಗಬಾರದು. ಮುಚ್ಚಿಹೋದ ಕೆರೆಯ ಆಕಾರವನ್ನು ದಟ್ಟ ಕಪ್ಪಿನಲ್ಲಿ ಉಳಿಸಬಹುದು.

ಕೊನೆಯಲ್ಲಿ ನಕ್ಷತ್ರ. ತೆಂಗಿನ ಪೊರಕೆ ಕಡ್ಡಿಯ ತುದಿ ಸಾಕು. ಸೀಮೆಸುಣ್ಣ ಹಸಿಯಲ್ಲಿ ಬೂದಿ ಬಣ್ಣ ಇರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಹಾಗಾಗಿ ಒಂದು ಸಲ ಇಟ್ಟು, ಕಾದು, ಆಮೇಲೆ ಇನ್ನೊಂದು. ಉತ್ತರ ಆಸ್ಟ್ರೇಲಿಯಾದ ಯೋಳ್ಙು ಸಮುದಾಯದ ಕಲಾವಿದೆ ಗುಲುಂಬು ಯುನುಪಿಂಗು ತೊಗಟೆ ಮೇಲೆ, ಟೊಳ್ಳು ಮರದ ಕಂಬಗಳ ಮೇಲೆ ಒತ್ತೊತ್ತಾಗಿ ನಕ್ಷತ್ರ ತುಂಬಿದವರು. ಪ್ಯಾರಿಸ್‌ನಲ್ಲಿ 2006ರಲ್ಲಿ ತೆರೆದ ಕೇ ಬ್ರಾನ್ಲಿ ಮ್ಯೂಸಿಯಂನ ಒಂದು ಚಾವಣಿಯ ಮೇಲೂ ಆಕೆಯ ನಕ್ಷತ್ರಗಳಿವೆ. ಅವನ್ನು ನೋಡಿದರೆ ಅವಸರ ಮಾಡಲು ಮನಸ್ಸೇ ಬರುವುದಿಲ್ಲ.

ರೋಹಿಣಿ ನಕ್ಷತ್ರವನ್ನು ನಾನು ಬಿಳಿಯಲ್ಲಿ ಇಡುವುದಿಲ್ಲ. ಚಳಿಗಾಲದಲ್ಲಿ ಕೃತ್ತಿಕೆಯ ಪಕ್ಕ ನೋಡಿ, ಅದು ಕೆಂಪಗಿದೆ. ಕಪ್ಪು ಹಚ್ಚುವಾಗಲೇ ಅಲ್ಲಿ ಒಂದು ಚುಕ್ಕಿಯಷ್ಟು ಜಾಗ ಬಿಡುತ್ತೇನೆ. ತಳದ ಕೆಮ್ಮಣ್ಣೇ ನಕ್ಷತ್ರವಾಗುತ್ತದೆ.

ಚಿತ್ರದ ಹಿಂದೆ ಊರಿನ ಹೆಸರು, ಮಾತು ಹೇಳಿದವರ ಹೆಸರು ಬರೆಯಿರಿ. ಹಂಚಿಕೊಳ್ಳುವಾಗ "ಅಬೊರಿಜಿನಲ್ ಆರ್ಟ್" ಎಂದು ಹಾಕಬೇಡಿ. ಯಾರಿಂದ ಕಲಿತಿರಿ ಎಂದು ಹೇಳಿ, ಚಿತ್ರಕ್ಕೆ ನಿಮ್ಮೂರಿನ ಹೆಸರು ಕೊಡಿ.