ಹಿತ್ತಲಿನ ಶೆಡ್ಡಿಗೆ ಬೇರೆ ಡಿಬಿ ಹಾಕಿಸಿದ್ದು

ಗದಗಿನ ನಮ್ಮ ಮನೆಯ ಹಿತ್ತಲಲ್ಲಿ ಗಾಡಿ ನಿಲ್ಲಿಸುವ ತಗಡಿನ ಶೆಡ್ ಇದೆ. ನನ್ನ ಬಡಿಗತನ ಅಲ್ಲೇ. ನಾಲ್ಕು ವರ್ಷ ಅಡುಗೆಮನೆಯ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದೇ ಕೆಲಸ ಮಾಡಿದೆ. 2 ಎಚ್‌ಪಿ ಗರಗಸದ ಮಷಿನ್ ಬಂದ ಮೇಲೆ ಅದು ನಡೆಯಲಿಲ್ಲ. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತಿತ್ತು, ಮನೆಯೊಳಗೆ ಲೈಟ್ ಮಂಕಾಗುತ್ತಿತ್ತು. ಒಂದು ಸಂಜೆ ಪ್ಲಗ್ ಕಿತ್ತಾಗ ಪಿನ್ನಿಗೆ ಬೆರಳು ತಗುಲಿ ಚುರ್ ಎಂದಿತು. ಅವತ್ತೇ ಶೆಡ್ಡಿಗೆ ಬೇರೆ ಲೈನ್, ಬೇರೆ ಡಿಬಿ (ಕರೆಂಟ್ ಹಂಚುವ ಬೋರ್ಡ್) ಎಂದು ತೀರ್ಮಾನಿಸಿದೆ.

ಮೊದಲು ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡೆ. ಆಮೇಲೆ ವೈರಿನ ಲೆಕ್ಕ. 2 ಎಚ್‌ಪಿ ಅಂದರೆ ಸುಮಾರು 1500 ವ್ಯಾಟ್. ಓಡುವಾಗ ಎಳೆಯುವುದು 10 ಆಂಪ್ ಹತ್ತಿರ, ಶುರುವಾಗುವಾಗ ಅದರ ಐದಾರು ಪಟ್ಟು. ನಮ್ಮ ಮೇನ್ ಬೋರ್ಡಿನಿಂದ ಶೆಡ್ 25 ಮೀಟರ್. 2.5 ಎಂಎಂ (ಅಂದರೆ ಚದರ ಮಿಲಿಮೀಟರ್) ತಾಮ್ರದ ವೈರಿನಲ್ಲಿ 50 ಆಂಪ್ ಹರಿದರೆ 18 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಎಂಎಂ ಆದರೆ 8ರೊಳಗೆ. ಹಾಗಾಗಿ 6 ಎಂಎಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ತಂದೆ. ಎರಡೂವರೆ ಅಡಿ ಕಾಲುವೆ ತೋಡಿದ್ದು, ಕೇಬಲ್ ಮೇಲೆ ಇಟ್ಟಂಗಿ ಮುಚ್ಚಿದ್ದು ನಾನೇ. ಜೋಡಣೆ ಮಾತ್ರ ಲೈಸೆನ್ಸ್ ಇರುವ ವೈರ್‌ಮನ್ ಕಾಕಾ ಮಾಡಿದರು. ಅದರಲ್ಲಿ ಹಣ ಉಳಿಸಲು ಹೋಗಬಾರದು.

ಮನೆಯ ಮೇನ್ ಬೋರ್ಡಿನಲ್ಲಿ ಈ ಕೇಬಲ್ಲಿಗೆ 32 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಶೆಡ್ಡಿನ ಡಿಬಿಯಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಬಂದರೆ ಬೀಳುವ ಸ್ವಿಚ್), ಮಷಿನಿಗೆ 20 ಆಂಪ್ ಎಂಸಿಬಿ, ಪ್ಲಗ್ಗುಗಳಿಗೆ 16, ಲೈಟಿಗೆ 6. ಮೋಟರ್ ಇರುವಲ್ಲಿ ಸಿ ಟೈಪ್ ಎಂಸಿಬಿಯೇ ಬೇಕು. ಬಿ ಟೈಪ್ ಆದರೆ ಶುರುವಿನ ಎಳೆತಕ್ಕೇ ಬಿದ್ದುಬಿಡಬಹುದು. ಎಂಸಿಬಿ ಕಾಯುವುದು ವೈರನ್ನು, ನಮ್ಮನ್ನಲ್ಲ. ತಗಡಿನ ಗೋಡೆ, ಕಬ್ಬಿಣದ ಟೇಬಲ್, ಮಳೆಗಾಲದ ಹಸಿ ನೆಲ ಇರುವಲ್ಲಿ ಆರ್‌ಸಿಸಿಬಿ ಇಲ್ಲದೆ ಕೆಲಸ ಮಾಡಬೇಡಿ.

ಮೊದಲ ದಿನವೇ ಅದು ಕಾಡಿತು. ಗರಗಸ ಸರಾಗ ಓಡಿತು. ಮೂಲೆಯ ಹಳೆಯ 60 ವ್ಯಾಟ್ ಬಲ್ಬ್ ಹಾಕಿದೆ, ಟಪ್ ಅಂತ ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಟಪ್. ಮಷಿನೇ ಕೆಟ್ಟಿದೆ ಎಂದುಕೊಂಡೆ. ಕಾಕಾ ನಿಂತು ನೋಡಿದರು. "ಸರ, ಮಷಿನ್ದಾಗ ಏನೂ ಇಲ್ರಿ. ಬಲ್ಬ್ ಹಾಕಿದಾಗಷ್ಟ ಬೀಳಾಕತ್ತೈತಿ ನೋಡ್ರಿ." ಹೋಲ್ಡರ್ ಬಿಚ್ಚಿದಾಗ ಗೊತ್ತಾಯಿತು. ಬಲ್ಬಿನ ಫೇಸ್ ಇನ್ನೂ ಮನೆಯ ಹಳೆಯ ವೈರಿನಿಂದ ಬರುತ್ತಿತ್ತು, ನ್ಯೂಟ್ರಲ್ ಹೊಸ ಡಿಬಿಗೆ ಸೇರಿತ್ತು. ಹೋಗುವ ಕರೆಂಟ್ ಒಂದು ದಾರಿ, ಬರುವುದು ಇನ್ನೊಂದು ದಾರಿ. ಬಲ್ಬಿನಲ್ಲಿ ಹರಿಯುವುದು ಸುಮಾರು 260 ಮಿಲಿ ಆಂಪ್, ಆರ್‌ಸಿಸಿಬಿ ಬೀಳಲು 30 ಸಾಕು. ಹಳೆಯ ಫೇಸ್ ಕಿತ್ತು ಹೊಸ 6 ಆಂಪ್ ಎಂಸಿಬಿಯಿಂದ ಕೊಟ್ಟ ಮೇಲೆ ಸುಮ್ಮನಾಯಿತು.

ಅರ್ಥಿಂಗ್ ಮಾತ್ರ ಇಲ್ಲಿ ವರ್ಷವಿಡೀ ನೋಡಿಕೊಳ್ಳಬೇಕು. ನಮ್ಮದು ಎರೆ ಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ್ದೆವು. ಆದರೂ ಮಣ್ಣು ಒಣಗಿದರೆ ಪೈಪಿನ ಹಿಡಿತ ಸಡಿಲವಾಗುತ್ತದೆ. ಯುಗಾದಿ ದಾಟಿದ ಮೇಲೆ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ. ಹಾಗೇ ಶೆಡ್ಡಿಗೆ ಹೋಗಿ, ತಿಂಗಳಿಗೊಮ್ಮೆ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ.